ಒಂದು ಗಾಡಿ, ಎರಡು ಕೆಲಸ: ಹಳೆಯ ವ್ಯಾಗನ್ ‘ಯೂಟ್’ ಆಗುವ ಬಗೆ

ಕಳೆದ ಮಳೆಗಾಲದಲ್ಲಿ ನಮ್ಮ ಪ್ರೌಢಶಾಲೆಯ ತರಗತಿಯೊಂದರಲ್ಲಿ ಸನ್ನೆಯ ತತ್ತ್ವವನ್ನು ಬೋಧಿಸುತ್ತಿದ್ದೆವು. ಪಾಠ ಮುಗಿಯುತ್ತಲೇ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸರ್, ನಮ್ಮ ಅಜ್ಜನ ಕಾಲದ ಜೀಪು ಹಟ್ಟಿಯ ಹಿಂದೆ ತುಕ್ಕು ಹಿಡಿಯುತ್ತ ನಿಂತಿದೆ. ಆಸ್ಟ್ರೇಲಿಯಾದಲ್ಲಿ ಜನರು ಇಂಥ ಹಳೆಯ ಗಾಡಿಗಳ ಹಿಂಭಾಗವನ್ನು ಕತ್ತರಿಸಿ, ಸಾಮಾನು ಹೇರುವ ಗಾಡಿಯನ್ನಾಗಿ ಮನೆಯಲ್ಲಿಯೇ ಮಾಡಿಕೊಳ್ಳುತ್ತಾರಂತೆ. ನಾವೂ ಹಾಗೆ ಮಾಡಬಹುದೇ?” ಎಂದು ಕೇಳಿದನು. ತರಗತಿಯೆಲ್ಲ ನಕ್ಕಿತು. ನಾವೂ ಸ್ವಲ್ಪ ನಕ್ಕು, “ಮೊದಲು ಸನ್ನೆಯ ಲೆಕ್ಕ ಮಾಡು; ಗಾಡಿಯ ಲೆಕ್ಕ ಆಮೇಲೆ” ಎಂದುಬಿಟ್ಟೆವು.

ಮುಂದಿನ ಸೋಮವಾರ ಆ ಹುಡುಗನ ತಂದೆಯವರೇ ಆಫೀಸಿಗೆ ಬಂದರು. “ಮಾಷ್ಟ್ರೇ, ಮಗ ಗರಗಸ ಹಿಡಿದುಕೊಂಡು ಜೀಪಿಗೆ ಪ್ರದಕ್ಷಿಣೆ ಬರುತ್ತಿದ್ದಾನೆ. ನೀವು ಅವನಿಗೆ ಹೇಳಿಕೊಟ್ಟದ್ದಾದರೂ ಏನು?” ಎಂಬುದು ಅವರ ಪ್ರಶ್ನೆ. ಆಗ ನಮಗೆ ನಗು ಬರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡದೆ ಹುಡುಗನನ್ನು ಕುಳ್ಳಿರಿಸಿದ್ದು ನಮ್ಮ ತಪ್ಪೆಂಬುದು ಮನಸ್ಸಿಗೆ ಬಂದಿತು. ಆ ಉತ್ತರವೇ ಈ ಲೇಖನ. ಮಗನಿಗೆ ಆ ಕೆಲಸ ಹೇಗೆ ನಡೆಯುವುದೆಂದೂ, ತಂದೆಯವರಿಗೆ ಅದರಲ್ಲಿ ಅಪಾಯವೆಲ್ಲಿದೆಯೆಂದೂ ತಿಳಿಸುವುದು ನಮ್ಮ ಉದ್ದೇಶ.

ಯೂಟ್ ಎಂದರೇನು?

‘ಯುಟಿಲಿಟಿ’ ಎಂಬ ಶಬ್ದವನ್ನು ಆಸ್ಟ್ರೇಲಿಯಾದ ಜನರು ಮೊಟಕುಗೊಳಿಸಿ ‘ಯೂಟ್’ ಎನ್ನುತ್ತಾರೆ. ಮುಂದೆ ಕಾರಿನಂತೆ ಆಸನ, ಬಾಗಿಲು, ಗಾಜು. ಹಿಂದೆ ಲಾರಿಯಂತೆ ತೆರೆದ ತೊಟ್ಟಿ. ನಮ್ಮಲ್ಲಿ ಪಿಕಪ್ ಎಂದು ಕರೆಯುವ ಗಾಡಿಗೆ ಇದು ಹತ್ತಿರದ ನೆಂಟ.

ಇದರ ಹುಟ್ಟಿನ ಕಥೆ ಕೇಳತಕ್ಕದ್ದಾಗಿದೆ. 1932ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ವಿಕ್ಟೋರಿಯಾ ಪ್ರಾಂತದ ಗಿಪ್ಸ್‌ಲ್ಯಾಂಡಿನ ರೈತಮಹಿಳೆಯೊಬ್ಬರು ಫೋರ್ಡ್ ಕಂಪನಿಗೆ ಒಂದು ಕಾಗದ ಬರೆದರಂತೆ. ಭಾನುವಾರ ಕುಟುಂಬಸಮೇತ ಇಗರ್ಜಿಗೆ ಹೋಗಲು ಕಾರು ಬೇಕು. ಸೋಮವಾರ ಹಂದಿಗಳನ್ನು ಸಂತೆಗೆ ಸಾಗಿಸಲು ಲಾರಿ ಬೇಕು. ಎರಡನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಎರಡೂ ಕೆಲಸಕ್ಕೆ ಒದಗುವ ಒಂದೇ ಗಾಡಿಯನ್ನು ನೀವು ಏಕೆ ಮಾಡಬಾರದು ಎಂಬುದೇ ಅದರ ತಾತ್ಪರ್ಯ. ಆ ಕಾಗದವು ಕೈಯಿಂದ ಕೈಗೆ ಸಾಗಿ, ಗೀಲಾಂಗ್ ಪಟ್ಟಣದ ಕಾರ್ಖಾನೆಯಲ್ಲಿದ್ದ ಲೂಯಿಸ್ ಬ್ಯಾಂಟ್ ಎಂಬ ತರುಣ ವಿನ್ಯಾಸಕಾರರ ಮೇಜಿಗೆ ಬಂದಿತು. 1910ರಲ್ಲಿ ಹುಟ್ಟಿದ ಬ್ಯಾಂಟ್‌ರಿಗೆ ಆಗಿನ್ನೂ ಇಪ್ಪತ್ತೆರಡು, ಇಪ್ಪತ್ತಮೂರರ ಪ್ರಾಯ. ಅವರು ದೊಡ್ಡ ಕರಿಹಲಗೆಯ ಮೇಲೆ ಗಾಡಿಯನ್ನು ನಿಜವಾದ ಅಳತೆಯಲ್ಲಿಯೇ ಬಿಡಿಸಿ ನೋಡಿದರು. ಕಾರಿನ ಹಿಂಭಾಗವನ್ನು ಬರಿದೆ ಕತ್ತರಿಸಿಬಿಟ್ಟರೆ ಅಲ್ಲಿ ಬಲವೇ ಇರದೆಂದು ಕಂಡುಕೊಂಡು, ಹಿಂದಿನ ಮೂಲೆಯ ಕಂಬದಿಂದ ಬಾಗಿಲಿನ ಬಳಿಯ ನಡುಗಂಬದವರೆಗೆ ಬಲಪಡಿಸುವ ಚೌಕಟ್ಟೊಂದನ್ನು ಸೇರಿಸಿದರು. 1934ರಲ್ಲಿ ಈ ‘ಕೂಪೆ ಯುಟಿಲಿಟಿ’ ತಯಾರಾಗತೊಡಗಿತು. ಗೀಲಾಂಗಿನ ಕರಿಹಲಗೆಯ ಈ ಪಾಠವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ನಾವು ಹೇಳುವುದೆಲ್ಲ ಅದೊಂದರ ಮೇಲೆಯೇ ನಿಂತಿದೆ.

ಬಳಿಕ ನಾಲ್ಕೂ ಗಾಲಿಗಳಿಗೆ ಎಂಜಿನಿನ ಶಕ್ತಿ ತಲಪುವ ಗಾಡಿಗಳ ಕಾಲ ಬಂದಿತು. 1948ರಲ್ಲಿ ಇಂಗ್ಲೆಂಡಿನ ಲ್ಯಾಂಡ್‌ರೋವರ್ ಹೊರಬಂದಿತು. 1949ರಿಂದ 1974ರವರೆಗೆ ಸ್ನೋಯಿ ಪರ್ವತಗಳಲ್ಲಿ ನಡೆದ ಮಹಾ ಜಲವಿದ್ಯುತ್ ಯೋಜನೆಯ ಕಡಿದಾದ ದಾರಿಗಳಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ ಜಪಾನಿನ ಟೊಯೋಟಾ ಲ್ಯಾಂಡ್‌ಕ್ರೂಸರ್ ಕಾಣಿಸಿಕೊಂಡಿತು. ಆಸ್ಟ್ರೇಲಿಯಾದ ಒಳನಾಡಿನಲ್ಲಿ ಈ ಜಾತಿಯ ಗಾಡಿಗಳು ಮನೆಮಾತಾದವು. ಅಲ್ಲಿಯೇ ತಯಾರಾಗುತ್ತಿದ್ದ ಫೋರ್ಡ್ ಯೂಟ್ 2016ರಲ್ಲಿಯೂ ಹೋಲ್ಡನ್ ಯೂಟ್ 2017ರಲ್ಲಿಯೂ ನಿಂತುಹೋದವು. ಆದರೆ ಹಳೆಯ ವ್ಯಾಗನ್ನನ್ನು ಕತ್ತರಿಸಿ, ತನ್ನ ಅಗತ್ಯಕ್ಕೆ ತಕ್ಕ ಯೂಟನ್ನು ತಾನೇ ಕಟ್ಟಿಕೊಳ್ಳುವ ಹವ್ಯಾಸ ಅಲ್ಲಿ ಇನ್ನೂ ಜೀವಂತವಾಗಿದೆ. ಹಿಂದಿನ ಬಾಗಿಲು ತುಕ್ಕು ತಿಂದಿರಬಹುದು, ಹಿಂಬದಿಗೆ ಡಿಕ್ಕಿಯಾಗಿರಬಹುದು, ಮಕ್ಕಳು ಬೆಳೆದು ಏಳೆಂಟು ಆಸನಗಳ ಅಗತ್ಯ ಇಲ್ಲವಾಗಿರಬಹುದು. ಎಂಜಿನು, ಗೇರು, ಅಚ್ಚುಗಳು ಮಾತ್ರ ಗಟ್ಟಿಮುಟ್ಟಾಗಿರುತ್ತವೆ. ಅಂಥ ಗಾಡಿಯನ್ನು ಗುಜರಿಗೆ ಹಾಕಲು ಕೈ ಬಾರದು.

ಯಾವ ಗಾಡಿ ತಕ್ಕುದು?

ಎಲ್ಲ ಗಾಡಿಗಳನ್ನೂ ಹೀಗೆ ಕತ್ತರಿಸಲು ಬರುವುದಿಲ್ಲ. ಗಾಡಿಗಳಲ್ಲಿ ಮುಖ್ಯವಾಗಿ ಎರಡು ರಚನೆಗಳಿವೆ. ಮೊದಲನೆಯದರಲ್ಲಿ ಕೆಳಗೆ ಏಣಿಯ ಆಕಾರದ ಉಕ್ಕಿನ ಚಾಸಿಸ್ ಇರುತ್ತದೆ. ಉದ್ದಕ್ಕೆ ಎರಡು ಬಲವಾದ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು. ಎಂಜಿನು, ಸ್ಪ್ರಿಂಗು, ಅಚ್ಚುಗಳೆಲ್ಲ ಈ ಏಣಿಗೆ ಬಿಗಿದಿರುತ್ತವೆ. ಜನರು ಕುಳಿತುಕೊಳ್ಳುವ ಬಾಡಿಯು ರಬ್ಬರಿನ ಮೆತ್ತೆಗಳ ಮೇಲೆ ಬೋಲ್ಟುಗಳಿಂದ ಕೂತಿರುತ್ತದೆ. ಎರಡನೆಯ ರಚನೆಯಲ್ಲಿ ಏಣಿಯೇ ಇಲ್ಲ. ನೆಲ, ಗೋಡೆ, ಕಂಬ, ಮಾಡು ಎಲ್ಲವೂ ಒಂದಕ್ಕೊಂದು ಬೆಸೆದು, ಮೊಟ್ಟೆಯ ಚಿಪ್ಪಿನಂತೆ ಇಡಿಯ ಬಾಡಿಯೇ ಭಾರವನ್ನು ಹೊರುತ್ತದೆ. ಇಂದಿನ ಕಾರುಗಳಲ್ಲಿ ಬಹುಪಾಲು ಇಂಥವೇ. ಚಿಪ್ಪಿನ ಅರ್ಧವನ್ನು ಒಡೆದಮೇಲೆ ಉಳಿದರ್ಧದಲ್ಲಿ ಬಲವೆಲ್ಲಿಯದು? ಆದಕಾರಣ ಮನೆಯ ಅಂಗಳದಲ್ಲಿ ಅಂಥ ಗಾಡಿಯನ್ನು ಮುಟ್ಟಲೇ ಕೂಡದು. ಹೆಸರೊಂದೇ ಆದರೂ ರಚನೆ ಬದಲಾಗಿರುವುದುಂಟು. ಮಿತ್ಸುಬಿಷಿ ಪಜೇರೋವಿನ ಹಳೆಯ ಮಾದರಿಗಳಿಗೆ ಪ್ರತ್ಯೇಕ ಏಣಿಯಿತ್ತು. 1999ರಲ್ಲಿ ಬಂದ ಮೂರನೆಯ ಪೀಳಿಗೆಯಲ್ಲಿ ಏಣಿಯನ್ನು ಬಾಡಿಯೊಳಗೇ ಬೆಸೆದುಬಿಟ್ಟರು.

ಉದಾಹರಣೆಗಾಗಿ ನಾವು 1990ರಲ್ಲಿ ಹೊರಬಂದ ಲ್ಯಾಂಡ್‌ಕ್ರೂಸರ್ 80ನೆಯ ಸರಣಿಯ ವ್ಯಾಗನ್ನನ್ನು ತೆಗೆದುಕೊಳ್ಳೋಣ. ಆಸ್ಟ್ರೇಲಿಯಾದಲ್ಲಿ ಯೂಟ್ ಆಗಿ ಮಾರ್ಪಟ್ಟ ವ್ಯಾಗನ್‌ಗಳಲ್ಲಿ ಇದಕ್ಕೆ ಒಳ್ಳೆಯ ಹೆಸರಿದೆ. ಇದಕ್ಕೆ ಏಣಿಯ ಚಾಸಿಸ್ ಇದೆ, ಸುರುಳಿ ಸ್ಪ್ರಿಂಗುಗಳಿವೆ, ಮುಂದಿನ ಅಚ್ಚಿನಿಂದ ಹಿಂದಿನ ಅಚ್ಚಿಗೆ ಇರುವ ಅಂತರ 2850 ಮಿಲಿಮೀಟರ್.

ರಟ್ಟಿನ ಪೆಟ್ಟಿಗೆಯ ಪಾಠ

‘ಏಣಿಯೇ ಭಾರ ಹೊರುವುದಾದರೆ ಮೇಲಿನ ಬಾಡಿಯನ್ನು ಹೇಗೆ ಕತ್ತರಿಸಿದರೇನು?’ ಎಂದು ಕೆಲವರು ಕೇಳಬಹುದು. ಇದಕ್ಕೆ ಉತ್ತರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಮನೆಯಲ್ಲಿಯೇ ಕಂಡುಕೊಳ್ಳಬಹುದು. ಪಾದರಕ್ಷೆಯ ಅಂಗಡಿಯಿಂದ ಬಂದ ರಟ್ಟಿನ ಪೆಟ್ಟಿಗೆಯೊಂದನ್ನು ತೆಗೆದುಕೊಳ್ಳಿರಿ. ಮುಚ್ಚಳವನ್ನು ತೆಗೆದು, ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಬಟ್ಟೆ ಹಿಂಡುವಂತೆ ತಿರುಚಿರಿ. ಅದು ಸುಲಭವಾಗಿ ತಿರುಚಿಕೊಳ್ಳುತ್ತದೆ. ಈಗ ಮುಚ್ಚಳವನ್ನು ಸುತ್ತಲೂ ಅಂಟಿಸಿ ತಿರುಚಿ ನೋಡಿರಿ. ಪೆಟ್ಟಿಗೆ ಜಗ್ಗುವುದಿಲ್ಲ. ಆಮೇಲೆ ಒಂದು ಕಡೆಯ ಗೋಡೆಯನ್ನು ಕತ್ತರಿಸಿ ತೆಗೆಯಿರಿ. ಆ ತುದಿಯ ಚೌಕವು ವಾಲಿ, ಪೆಟ್ಟಿಗೆ ಮತ್ತೆ ಸಡಿಲವಾಗುತ್ತದೆ. ಕೊನೆಗೆ ಆ ತುದಿಗೆ ಹೊಸ ರಟ್ಟೊಂದನ್ನು ನಾಲ್ಕು ಅಂಚುಗಳಲ್ಲಿಯೂ ಅಂಟಿಸಿರಿ. ಕಳೆದುಹೋದ ಬಲ ಮರಳಿ ಬರುತ್ತದೆ. ಆ ರಟ್ಟಿನಲ್ಲಿ ಕಿಟಕಿಯನ್ನು ಕೊರೆದು ದೊಡ್ಡದು ಮಾಡುತ್ತ ಹೋದಂತೆ ಬಲ ಮತ್ತೆ ಕುಂದುತ್ತದೆ.

ವ್ಯಾಗನ್ ಎಂಬುದು ಮುಚ್ಚಳವಿರುವ ಪೆಟ್ಟಿಗೆ. ಮುಂದಿನ ಬಾಗಿಲುಗಳ ಹಿಂದೆ ಅದನ್ನು ಕತ್ತರಿಸಿದೊಡನೆ ಅದು ಒಂದು ಗೋಡೆಯಿಲ್ಲದ ಪೆಟ್ಟಿಗೆಯಾಗುತ್ತದೆ. ಮಾಡು ತೂಗಾಡುತ್ತದೆ, ಬಾಗಿಲುಗಳು ಹೊಂದುವುದಿಲ್ಲ, ಮುಂದಿನ ಗಾಜು ಸೀಳುತ್ತದೆ. ಇವು ಕಣ್ಣಿಗೆ ಕಾಣುವ ದೋಷಗಳು. ಕಾಣದ ದೋಷವೊಂದಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಮುಂದಿನ ಆಸನದ ಸೊಂಟಪಟ್ಟಿಯ ಮೇಲಿನ ಕೊಂಡಿಯು ಎರಡು ಬಾಗಿಲುಗಳ ನಡುವಿನ ಕಂಬಕ್ಕೆ ಬಿಗಿದಿರುತ್ತದೆ. ಡಿಕ್ಕಿಯಾದಾಗ ಕುಳಿತವನ ದೇಹವೆಲ್ಲ ಆ ಕೊಂಡಿಯನ್ನು ಎಳೆಯುತ್ತದೆ. ಆ ಕಂಬಕ್ಕೆ ಬಲ ಬರುವುದು ಅದರ ದಪ್ಪದಿಂದ ಮಾತ್ರವಲ್ಲ. ಮೇಲೆ ಮಾಡಿನ ಅಂಚು, ಕೆಳಗೆ ಹೊಸ್ತಿಲ ಪಟ್ಟಿ, ಇವೆರಡೂ ಹಿಂದಕ್ಕೆ ಚಾಚಿ ಅದನ್ನು ಹಿಡಿದಿರುವುದರಿಂದ. ಹಿಂಭಾಗವನ್ನು ತೆಗೆದವನು ಅರಿಯದೆಯೇ ಆ ಹಿಡಿತವನ್ನೂ ತೆಗೆದಿರುತ್ತಾನೆ. ಗೀಲಾಂಗಿನ ತರುಣನು ನಡುಗಂಬದವರೆಗೆ ಚೌಕಟ್ಟನ್ನು ಏಕೆ ಒಯ್ದನೆಂಬುದು ಈಗ ಅರ್ಥವಾದೀತು.

ಕತ್ತರಿಸುವ ಮುನ್ನ

ಈ ಕೆಲಸದಲ್ಲಿ ಗರಗಸ ಹಿಡಿಯುವ ದಿನಕ್ಕಿಂತ ಅದರ ಹಿಂದಿನ ದಿನಗಳೇ ಮುಖ್ಯ. ಮೊದಲು ಚಾಸಿಸನ್ನು ಬಡಿದು, ಕೆರೆದು ನೋಡತಕ್ಕದ್ದು. ಮೇಲಿನ ಬಾಡಿಗೆ ತುಕ್ಕು ಬಂದರೆ ತಗಡು ಹಾಕಬಹುದು. ತೊಲೆಯೇ ಟೊಳ್ಳಾಗಿದ್ದರೆ ಕೆಲಸವನ್ನು ಅಲ್ಲಿಗೇ ಬಿಡುವುದು ಲೇಸು.

ಎರಡನೆಯದಾಗಿ ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಾಸಿಸಿಗೆ ಗಟ್ಟಿಯಾದ ಆಧಾರ ಕೊಟ್ಟು, ಎಲ್ಲ ಅಳತೆಗಳನ್ನೂ ಬರೆದುಕೊಳ್ಳಬೇಕು. ಬಾಗಿಲಿನ ಚೌಕಟ್ಟಿನಲ್ಲಿ ಮೂಲೆಯಿಂದ ಮೂಲೆಗೆ, ಎಡಗಂಬದ ತಲೆಯಿಂದ ಬಲಗಂಬದ ಬುಡಕ್ಕೆ, ಬಲಗಂಬದ ತಲೆಯಿಂದ ಎಡಗಂಬದ ಬುಡಕ್ಕೆ ಅಳೆಯಬೇಕು. ಚತುರ್ಭುಜವು ಆಯತವಾಗಿದ್ದರೆ ಅದರ ಕರ್ಣಗಳು ಸಮವಾಗಿರುತ್ತವೆಂದು ರೇಖಾಗಣಿತದಲ್ಲಿ ಕಲಿತಿದ್ದೀರಷ್ಟೆ. ಕಂಬಗಳು ವಾಲಿದರೆ ಮೊದಲು ಹೇಳುವುದು ಈ ಕರ್ಣಗಳೇ. ಬಳಿಕ ಬಾಗಿಲುಗಳನ್ನು ಮುಚ್ಚಿ, ಒಳಗೆ ಕಂಬದಿಂದ ಕಂಬಕ್ಕೆ ಉಕ್ಕಿನ ಕೊಳವೆಗಳನ್ನು ತಾತ್ಕಾಲಿಕವಾಗಿ ಬೆಸೆದು, ಕತ್ತರಿಸುವಾಗ ಏನೂ ಅಲುಗದಂತೆ ಮಾಡಬೇಕು.

ಮೂರನೆಯದು ಬೆಂಕಿಯ ಎಚ್ಚರಿಕೆ. ಇಂಧನದ ಟ್ಯಾಂಕನ್ನು ಗಾಡಿಯಿಂದ ಇಳಿಸಿ ದೂರ ಇಡಲೇಬೇಕು. ಖಾಲಿ ಟ್ಯಾಂಕಿನಿಂದ ಭಯವಿಲ್ಲವೆಂದು ತಿಳಿಯುವುದು ತಪ್ಪು. ಪೆಟ್ರೋಲಿನ ಆವಿಯೂ ಗಾಳಿಯೂ ಬೆರೆತ ಖಾಲಿ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕರ. ಬ್ಯಾಟರಿಯ ತಂತಿಯನ್ನು ಬಿಚ್ಚದೆ ವಿದ್ಯುತ್ ಬೆಸುಗೆ ಹಾಕಿದರೆ ಗಾಡಿಯ ವಿದ್ಯುನ್ಮಾನ ಉಪಕರಣಗಳು ಸುಟ್ಟುಹೋಗಬಹುದು. ಆಸನದ ಸ್ಪಂಜು, ಮಾಡಿನ ಒಳಬಟ್ಟೆ, ನೆಲದ ಚಾಪೆ ಎಲ್ಲವನ್ನೂ ತೆಗೆಯಬೇಕು. ಕಿಡಿ ಬಿದ್ದ ಗಾಜು ಹುಳುಕಾಗುತ್ತದೆ. ಅದಕ್ಕೆ ಹೊದಿಕೆ ಬೇಕು. ಸತುವಿನ ಲೇಪವಿರುವ ತಗಡನ್ನು ಬೆಸೆಯುವಾಗ ಏಳುವ ಬಿಳಿಯ ಹೊಗೆ ಜ್ವರವನ್ನು ತರುತ್ತದೆ. ಬೆಸುಗೆಯ ಬೆಳಕನ್ನು ಬರಿಗಣ್ಣಿನಲ್ಲಿ ನೋಡಿದವನು ರಾತ್ರಿಯೆಲ್ಲ ಕಣ್ಣಿನಲ್ಲಿ ಮರಳು ಬಿದ್ದವನಂತೆ ಒದ್ದಾಡಬೇಕಾಗುತ್ತದೆ.

ಕತ್ತರಿಸುವುದು, ಕಟ್ಟುವುದು

ಕತ್ತರಿಸುವ ಗೆರೆಯನ್ನು ಕಂಬದ ಮೇಲೆಯೇ ಎಳೆಯಬಾರದು. ನಡುಗಂಬವೂ ಅದರೊಳಗಿನ ಸೊಂಟಪಟ್ಟಿಯ ಸುರುಳಿಯೂ ಪೂರ್ಣವಾಗಿ ಉಳಿಯುವಂತೆ, ಅದರ ಹಿಂದೆ ಒಂದಿಷ್ಟು ತಗಡನ್ನು ಬಿಟ್ಟು ಕತ್ತರಿಸಬೇಕು. ಹೆಚ್ಚಾದುದನ್ನು ಮತ್ತೆ ಕತ್ತರಿಸಬಹುದು. ಕತ್ತರಿಸಿದುದನ್ನು ಬೆಳೆಸಲು ಬಾರದು. ಕೆಲವರು ಎರಡು ಸಾಲು ಆಸನಗಳನ್ನು ಉಳಿಸಿಕೊಂಡು ಹಿಂದಿನ ಬಾಗಿಲುಗಳ ಆಚೆ ಕತ್ತರಿಸುತ್ತಾರೆ. ಆಗ ಜನರಿಗೆ ಹೆಚ್ಚು ಜಾಗ, ಸಾಮಾನಿಗೆ ಕಡಿಮೆ.

ಹಿಂಗೋಡೆಯನ್ನು ಮೂರು ವಿಧಗಳಿಂದ ಮಾಡುತ್ತಾರೆ. ಗುಜರಿಯಿಂದ ತಂದ ಯೂಟ್ ಒಂದರ ಹಿಂಗೋಡೆಯನ್ನು ಕಿಟಕಿಸಹಿತ ತಂದು ಹೊಂದಿಸುವುದು ಒಂದು. ವ್ಯಾಗನ್ನಿನದೇ ಮಾಡಿನ ಹಿಂತುದಿಯನ್ನೂ ಹಿಂಬಾಗಿಲ ಗಾಜಿನ ಭಾಗವನ್ನೂ ಮುಂದಕ್ಕೆ ತಂದು ಜೋಡಿಸುವುದು ಎರಡನೆಯದು. ಇದರಿಂದ ಮಾಡಿನ ಬಾಗು ಕಂಪನಿಯಿಂದ ಬಂದಂತೆಯೇ ಕಾಣುವುದು. ಹೊಸದಾಗಿ ಚೌಕ ಕೊಳವೆಯ ಚೌಕಟ್ಟು ಮಾಡಿ ತಗಡು ಹೊದಿಸುವುದು ಮೂರನೆಯದು. ಯಾವುದೇ ಆಗಲಿ, ಹೊಸ ಗೋಡೆಯು ನೆಲಕ್ಕೂ ಮಾಡಿಗೂ ಎರಡೂ ಕಂಬಗಳಿಗೂ ಎಡೆಬಿಡದೆ ಕೂಡಿರಬೇಕು. ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಅಂಚನ್ನು ಅಂಟಿಸದೆ ಬಿಟ್ಟು ತಿರುಚಿ ನೋಡಿದವರಿಗೆ ಈ ಮಾತಿನ ಬೆಲೆ ತಿಳಿಯುವುದು.

ಬಾಡಿಯ ತಗಡು ಬಹಳ ತೆಳು, ಸುಮಾರು ಒಂದು ಮಿಲಿಮೀಟರಿನಷ್ಟು. ಅದರ ಮೇಲೆ ಒಂದೇ ಸಮನೆ ಬೆಸುಗೆ ಎಳೆದರೆ ಕಾದ ತಗಡು ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಆದುದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ ಹಾಕಿ, ಆರಲು ಬಿಟ್ಟು, ನಡುವಿನ ಜಾಗವನ್ನು ಮೆಲ್ಲಮೆಲ್ಲನೆ ತುಂಬುತ್ತಾರೆ. ಅವಸರಗಾರನಿಗೆ ಈ ಕೆಲಸ ಒಲಿಯದು. ಬೆಸುಗೆ ಬಿದ್ದಲ್ಲೆಲ್ಲ ಬಣ್ಣ ಸುಟ್ಟು ಉಕ್ಕು ಬತ್ತಲೆಯಾಗಿರುತ್ತದೆ. ಅಲ್ಲಿ ಸತುವಿನ ಬಣ್ಣ, ಸಂದುಗಳಿಗೆ ಮೇಣದಂಥ ಲೇಪ, ನೀರು ನುಗ್ಗದಂತೆ ಸಂದುತುಂಬುವ ಪದಾರ್ಥ, ಇವಿಲ್ಲದಿದ್ದರೆ ಹೊಸ ಗೋಡೆ ಹಳೆಯದಕ್ಕಿಂತ ಮೊದಲೇ ತುಕ್ಕು ಹಿಡಿಯುತ್ತದೆ.

ಕತ್ತರಿಸಿದ ಬಾಡಿಯೊಡನೆ ಅದರ ಹಿಂದಿನ ರಬ್ಬರು ಮೆತ್ತೆಗಳೂ ಹೊರಟುಹೋಗುತ್ತವೆ. ಆದಕಾರಣ ಹೊಸ ಹಿಂಗೋಡೆಯ ಅಡಿಯಲ್ಲಿ ಚಾಸಿಸಿನ ಮೇಲೆ ಹೊಸ ಆಧಾರಗಳನ್ನು ಮಾಡಬೇಕು. ಇಂಧನ ತುಂಬುವ ಬಾಯಿ ವ್ಯಾಗನ್ನಿನ ಪಕ್ಕದ ತಗಡಿನಲ್ಲಿತ್ತು. ಈಗ ಆ ತಗಡೇ ಇಲ್ಲ. ಅದಕ್ಕೂ ಅದರ ಗಾಳಿಕೊಳವೆಗೂ ಬೇರೆ ನೆಲೆ ಕಲ್ಪಿಸಬೇಕು. ಹೊಗೆಕೊಳವೆಯ ಬಾಯಿ ಕ್ಯಾಬಿನಿನ ಆಚೆಗೇ ಇರತಕ್ಕದ್ದು. ಒಳನುಗ್ಗಿದ ಎಂಜಿನಿನ ಹೊಗೆಗೆ ವಾಸನೆಯಿಂದ ತಿಳಿಯದಂಥ ವಿಷಾಂಶವಿದೆ. ಹಿಂದಿನ ದೀಪಗಳು, ತಿರುವಿನ ಸೂಚನೆಗಳು, ನಂಬರಿನ ಫಲಕ, ಇವಕ್ಕೆಲ್ಲ ಹೊಸ ತಂತಿ, ಹೊಸ ಜಾಗ.

ಇನ್ನು ತೊಟ್ಟಿಯ ವಿಷಯ. ಹಳ್ಳದಿಣ್ಣೆಯ ದಾರಿಯಲ್ಲಿ ಏಣಿಯ ಚಾಸಿಸ್ ಸ್ವಲ್ಪ ತಿರುಚಿಕೊಳ್ಳುತ್ತದೆ. ಹಾಗೆ ತಿರುಚಿಕೊಳ್ಳುವುದು ಅದರ ಧರ್ಮ. ಅದರ ಮೇಲೆ ಗಟ್ಟಿಯಾದ ತೊಟ್ಟಿಯನ್ನು ಎಲ್ಲ ಮೂಲೆಗಳಲ್ಲಿಯೂ ಬಿಗಿದುಬಿಟ್ಟರೆ ಚಾಸಿಸಿಗೆ ತಿರುಚಿಕೊಳ್ಳಲು ಆಸ್ಪದವಿಲ್ಲದೆ, ಕ್ಯಾಬಿನಿನ ಬೆನ್ನ ಹಿಂದೆ ಅದು ಬಿರಿಯುತ್ತದೆ. ಹಾಗಾಗದಂತೆ ತೊಟ್ಟಿಯ ಹಿಂತುದಿಯನ್ನು ಗಟ್ಟಿಯಾಗಿ, ಮುಂತುದಿಯನ್ನು ರಬ್ಬರಿನ ಅಥವಾ ಸ್ಪ್ರಿಂಗಿನ ಮೂಲಕ ಸಡಿಲವಾಗಿ ಹಿಡಿಸುವುದುಂಟು. ಕ್ಯಾಬಿನು ತೊಟ್ಟಿಗಳ ನಡುವೆ ಅಂಗೈ ತೂರುವಷ್ಟಾದರೂ ಸಂದು ಇರಬೇಕು. ತೊಲೆಯ ಮೇಲಿನ ಮತ್ತು ಕೆಳಗಿನ ಅಂಚುಗಳಲ್ಲಿ ತೂತು ಕೊರೆಯುವುದಾಗಲಿ, ಅಡ್ಡಲಾಗಿ ಬೆಸೆಯುವುದಾಗಲಿ ಕೂಡದು. ಬಾಗುವ ತೊಲೆಯಲ್ಲಿ ಒತ್ತಡವೂ ಎಳೆತವೂ ಅತ್ಯಧಿಕವಾಗಿರುವುದು ಈ ಅಂಚುಗಳಲ್ಲಿಯೇ.

ಭಾರದ ಲೆಕ್ಕ

ಈಗ ನಾವು ಹುಡುಗನಿಗೆ ಆಮೇಲೆ ಎಂದು ಹೇಳಿದ್ದ ಲೆಕ್ಕಕ್ಕೆ ಬರೋಣ. ಗಾಡಿಯೂ ಒಂದು ಸನ್ನೆಯೇ. ಕ್ಯಾಬಿನಿನ ಹಿಂಗೋಡೆಯಿಂದ ಹಿಂದಿನ ಅಚ್ಚಿನ ನಡುವಿಗೆ 1200 ಮಿಲಿಮೀಟರ್ ಇದೆಯೆಂದು ಭಾವಿಸೋಣ. 50 ಮಿಲಿಮೀಟರ್ ಸಂದು ಬಿಟ್ಟು 2100 ಮಿಲಿಮೀಟರ್ ಉದ್ದದ ತೊಟ್ಟಿಯನ್ನಿಟ್ಟರೆ, ತೊಟ್ಟಿಯ ಮಧ್ಯಬಿಂದು ಗೋಡೆಯಿಂದ 1100 ಮಿಲಿಮೀಟರ್ ದೂರದಲ್ಲಿ, ಅಂದರೆ ಅಚ್ಚಿಗಿಂತ 100 ಮಿಲಿಮೀಟರ್ ಮುಂದೆ ಇರುತ್ತದೆ. 600 ಕಿಲೋಗ್ರಾಂ ಸಾಮಾನನ್ನು ಸಮವಾಗಿ ಹೇರಿದರೆ, 600ನ್ನು 100ರಿಂದ ಗುಣಿಸಿ 2850ರಿಂದ ಭಾಗಿಸಿದಾಗ ಸುಮಾರು 21 ಬರುತ್ತದೆ. ಮುಂದಿನ ಅಚ್ಚಿನ ಮೇಲೆ 21 ಕಿಲೋಗ್ರಾಂ, ಹಿಂದಿನ ಅಚ್ಚಿನ ಮೇಲೆ 579 ಕಿಲೋಗ್ರಾಂ ಕೂಡಿತು.

ಹೆಚ್ಚು ಸಾಮಾನಿನ ಆಸೆಯಿಂದ 2700 ಮಿಲಿಮೀಟರ್ ತೊಟ್ಟಿ ಇಟ್ಟರೇನಾಗುವುದು? ಮಧ್ಯಬಿಂದು ಗೋಡೆಯಿಂದ 1400 ಮಿಲಿಮೀಟರ್, ಅಂದರೆ ಅಚ್ಚಿಗಿಂತ 200 ಮಿಲಿಮೀಟರ್ ಹಿಂದೆ ಹೋಗುತ್ತದೆ. ಅದೇ 600 ಕಿಲೋಗ್ರಾಂ ಈಗ ಮುಂದಿನ ಅಚ್ಚನ್ನು ಒತ್ತುವ ಬದಲು 42 ಕಿಲೋಗ್ರಾಮಿನಷ್ಟು ಮೇಲಕ್ಕೆತ್ತುತ್ತದೆ. ಹಿಂದಿನ ಅಚ್ಚಿನ ಮೇಲೆ 642 ಕಿಲೋಗ್ರಾಂ ಬೀಳುತ್ತದೆ. ಗಾಡಿಯನ್ನು ತಿರುಗಿಸುವ ಗಾಲಿಗಳು ಮುಂದಿನವು. ಅವುಗಳ ಹಿಡಿತ ಕಡಿಮೆಯಾದರೆ, ಮಳೆಗಾಲದ ಏರುದಾರಿಯಲ್ಲಿ ಸ್ಟಿಯರಿಂಗ್ ತಿರುಗಿದರೂ ಗಾಡಿ ತಿರುಗದು. ಉದ್ದ ತೊಟ್ಟಿಯ ಹಿಂತುದಿಯಲ್ಲಿಯೇ ಮೂಟೆಗಳನ್ನು ಹೇರಿದರೆ ಕೇಡು ಮತ್ತಷ್ಟು ಹೆಚ್ಚು.

ಸಾಮಾನಿಲ್ಲದಾಗ ಇನ್ನೊಂದು ತೊಡಕು. ಹಿಂದಿನ ಆಸನ, ಗಾಜು, ಬಾಗಿಲು, ಮಾಡುಗಳನ್ನು ತೆಗೆದುದರಿಂದ ಹಿಂಭಾಗ ಹಗುರವಾಗಿರುತ್ತದೆ. ಸ್ಪ್ರಿಂಗು ಮಾತ್ರ ಮೊದಲಿನದೇ. ಖಾಲಿ ಗಾಡಿ ಕುಪ್ಪಳಿಸುತ್ತದೆ. ಬ್ರೇಕು ಒತ್ತಿದಾಗ ಹಿಂದಿನ ಗಾಲಿಗಳು ಬೇಗನೆ ಬಿಗಿದು ಜಾರುತ್ತವೆ. ಹಿಂಭಾಗದ ಭಾರವನ್ನು ಅಳೆದು ಬ್ರೇಕಿನ ಒತ್ತಡವನ್ನು ಹಂಚುವ ಕವಾಟ ಕೆಲವು ಗಾಡಿಗಳಲ್ಲಿದೆ. ಅದನ್ನೂ ಹೊಸ ಭಾರಕ್ಕೆ ತಕ್ಕಂತೆ ಹೊಂದಿಸಬೇಕಾಗುತ್ತದೆ. ಒಂದು ಕಡೆ ಕತ್ತರಿಸಿದವನು ಹತ್ತು ಕಡೆ ಲೆಕ್ಕ ಕೊಡಬೇಕು.

ಅಲ್ಲಿಯ ಕಾನೂನು, ಇಲ್ಲಿಯ ಕಾನೂನು

ಆಸ್ಟ್ರೇಲಿಯಾದಲ್ಲಿಯೂ ಇದು ಮನಬಂದಂತೆ ಮಾಡುವ ಕೆಲಸವಲ್ಲ. ಮಾರ್ಪಡಿಸಿದ ಲಘುವಾಹನಗಳು ಹೇಗಿರಬೇಕೆಂಬುದಕ್ಕೆ ಅಲ್ಲಿ ರಾಷ್ಟ್ರೀಯ ಸಂಹಿತೆಯೊಂದಿದೆ. ಇಂಥ ದೊಡ್ಡ ಬದಲಾವಣೆಗೆ ಮಾನ್ಯತೆ ಪಡೆದ ಎಂಜಿನಿಯರು ಪರೀಕ್ಷಿಸಿ ಸಹಿ ಹಾಕಬೇಕು. ನೋಂದಣಿಯಲ್ಲಿ ಗಾಡಿಯ ಬಗೆಯನ್ನೂ ಆಸನಗಳ ಸಂಖ್ಯೆಯನ್ನೂ ತಿದ್ದಿಸಬೇಕು. ತಿಳಿದವರು ಗರಗಸ ಕೊಳ್ಳುವ ಮೊದಲೇ ಎಂಜಿನಿಯರನ್ನು ಕಾಣುತ್ತಾರೆ. ಏಕೆಂದರೆ ಹಿಂಗೋಡೆಯ ಒಳಗಿನ ಬೆಸುಗೆಯು ತಗಡು ಹೊದಿಸಿದ ಮೇಲೆ ಯಾರ ಕಣ್ಣಿಗೂ ಕಾಣದು.

ನಮ್ಮ ದೇಶದಲ್ಲಿ ಬಾಗಿಲು ಇನ್ನೂ ಬಿಗಿ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಮೂಲತಃ ಗೊತ್ತುಪಡಿಸಿದ ವಿವರಗಳಿಗೂ ನೋಂದಣಿಪತ್ರದ ವಿವರಗಳಿಗೂ ವ್ಯತ್ಯಾಸ ಬರುವಂತೆ ಮಾಲಿಕನು ಗಾಡಿಯನ್ನು ಮಾರ್ಪಡಿಸಕೂಡದು. ಈ ಕಲಮಿನ ಅರ್ಥವನ್ನು ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದ್ದು 2019ರ ಜನವರಿಯಲ್ಲಿ. ಅದು ನಮ್ಮ ಕೇರಳ ರಾಜ್ಯದಿಂದಲೇ ಹೋದ ಮೊಕದ್ದಮೆ. ಅದೇ ವರ್ಷದ ತಿದ್ದುಪಡಿಯು, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸಲು ಎಡೆಮಾಡಿತು. ದಂಡಕ್ಕಿಂತಲೂ ದೊಡ್ಡ ಭಯ ಬೇರೆಯಿದೆ. ಹಾಗೆ ಮಾರ್ಪಡಿಸಿದ ಗಾಡಿಯಿಂದ ಅಪಘಾತವಾದರೆ ವಿಮೆಯ ಹಣಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಅಡಕೆ ತೋಟವನ್ನೇ ನಂಬಿದ ಕುಟುಂಬಕ್ಕೆ ಅದು ಸಣ್ಣ ಮಾತಲ್ಲ.

ಮುಗಿಸುವ ಮುನ್ನ

ಇಷ್ಟನ್ನೂ ಆ ತಂದೆಯವರಿಗೂ ಮಗನಿಗೂ ಒಂದು ಶನಿವಾರ ಶಾಲೆಯಲ್ಲಿ ಕುಳ್ಳಿರಿಸಿ ಹೇಳಿದೆವು. ರಟ್ಟಿನ ಪೆಟ್ಟಿಗೆಯನ್ನು ತಂದೆಯವರೇ ತಿರುಚಿ ನೋಡಿದರು. ಎರಡು ಸಲ ನೋಡಿದ ಮೇಲೆ ಮಗನ ಕಡೆ ತಿರುಗಿ, “ಹಾಗಾದರೆ ನೀನು ಕತ್ತರಿಸುತ್ತಿದ್ದದ್ದು ಜೀಪನ್ನಲ್ಲವೋ, ನನ್ನ ಕುತ್ತಿಗೆಯನ್ನೇ!” ಎಂದರು. ಹುಡುಗನು ತಲೆ ತಗ್ಗಿಸಿದನು. ಆದರೆ ಅವರು ಅಷ್ಟಕ್ಕೇ ನಿಲ್ಲಿಸಲಿಲ್ಲ. “ಕತ್ತರಿಸುವುದು ಬೇಡ, ಎಂಜಿನು ಮಾತ್ರ ಮೆಕ್ಯಾನಿಕ್ಕಿನವನ ಜೊತೆಗೆ ನಿಂತು ನೀನೇ ಬಿಚ್ಚಿ ಕಲಿ” ಎಂದು ಅಪ್ಪಣೆ ಕೊಟ್ಟರು. ಆ ಮಾತು ನಮಗೆ ಬಹಳ ಸಂತೋಷವನ್ನುಂಟುಮಾಡಿತು.

ಪಾಲಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಕೈಗೆ ಎಣ್ಣೆಮಸಿ ಹತ್ತುವ ಕೆಲಸವು ಪರೀಕ್ಷೆಯಲ್ಲಿ ಹಿಂದೆ ಬಿದ್ದವರಿಗೆ ಮಾತ್ರ ಎಂಬ ಭಾವನೆಯನ್ನು ಬಿಡಬೇಕು. ರೈತಮಹಿಳೆಯೊಬ್ಬರ ಕಷ್ಟವನ್ನು ಓದಿ, ಕರಿಹಲಗೆಯ ಮುಂದೆ ನಿಂತು ಯೋಚಿಸಿದ ತರುಣನಿಗೆ ಕೈಯೂ ಬುದ್ಧಿಯೂ ಒಟ್ಟಿಗೇ ದುಡಿಯಬೇಕಾಯಿತು. ವಿದ್ಯಾರ್ಥಿಗಳಲ್ಲಿಯೂ ಒಂದು ಮಾತು: ಒಂದು ವಸ್ತುವಿನಿಂದ ಒಂದು ಭಾಗವನ್ನು ತೆಗೆಯುವ ಮೊದಲು, ಆ ಭಾಗವು ಅಲ್ಲಿದ್ದು ಯಾವ ಕೆಲಸ ಮಾಡುತ್ತಿತ್ತೆಂದು ಕೇಳಿರಿ. ಉತ್ತರ ಸಿಕ್ಕುವವರೆಗೆ ಗರಗಸ ಗೋಡೆಯ ಮೊಳೆಯಲ್ಲಿಯೇ ಇರಲಿ.

ಆ ಹುಡುಗನು ಬಳಿಕ ರಟ್ಟಿನಿಂದ ಒಂದು ವ್ಯಾಗನ್ನನ್ನೂ ಒಂದು ಯೂಟನ್ನೂ ಅಳತೆ ತಪ್ಪದಂತೆ ಮಾಡಿ ತಂದನು. ಯೂಟಿನ ಹಿಂಗೋಡೆಯನ್ನು ತೆಗೆದು ಹಾಕಬಹುದು. ಅವು ನಮ್ಮ ವಿಜ್ಞಾನದ ಕೋಣೆಯ ಕಪಾಟಿನಲ್ಲಿವೆ. ಶಾಲೆಗೆ ಬಂದಾಗ ಪಾಲಕರು ಅವನ್ನು ಕೈಯಲ್ಲಿ ಹಿಡಿದು, ಗೋಡೆಯಿದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ ತಿರುಚಿ ನೋಡಬೇಕೆಂದು ಕೋರುತ್ತೇವೆ.